ಓದು ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ



ನೀವು ಓದಲು ಕಲಿತದ್ದು ಯಾವಾಗ? ಹೀಗೆ ಕೇಳಿದರೆ ನಿಮ್ಮಲ್ಲಿ ಬಹುಮಂದಿ 'ಒಂದನೆಯ ತರಗತಿಯಲ್ಲಿ' ಎಂದು ಥಟ್ಟನೆ ಉತ್ತರಿಸುತ್ತೀರಿ. ಸ್ಲೇಟು, ಬಳಪ, ಗೋಡೆಯ ಮೇಲಿನ ಅಕ್ಷರಪಟ, ಕೋರಸ್ಸಿನಲ್ಲಿ ಹೇಳಿದ ಕಾಗುಣಿತ, ಇವೆಲ್ಲ ನಿಮಗೆ ನೆನಪಿಗೆ ಬರಬಹುದು. ಆದರೆ ಈ ಉತ್ತರ ಅರ್ಧ ಮಾತ್ರ ಸರಿ. ನೀವು ಸ್ಲೇಟು ಹಿಡಿಯುವುದಕ್ಕೆ ಮೂರು ನಾಲ್ಕು ವರ್ಷ ಮೊದಲೇ, ಯಾರೋ ನಿಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳಿದಾಗ, ಒಗಟು ಕೇಳಿದಾಗ, ಜೋಗುಳ ಹಾಡಿದಾಗ ನಿಮ್ಮ ಓದು ಶುರುವಾಗಿತ್ತು. ಕಣ್ಣು ಅಕ್ಷರವನ್ನು ಗುರುತಿಸುವ ಮೊದಲು ಕಿವಿ ಭಾಷೆಯನ್ನು ಕೂಡಿಟ್ಟುಕೊಂಡಿತ್ತು.

ಇದು ತಂದೆತಾಯಿಗಳಿಗೆ ಹೇಳಬೇಕಾದ ಮಾತಲ್ಲವೇ, ನಮಗೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಸರಾಗವಾಗಿ ಓದಬಲ್ಲವರು ನೀವೇ. ಹೊಲದಿಂದಲೋ ಕಾರ್ಖಾನೆಯಿಂದಲೋ ಸಂಜೆ ದಣಿದು ಬರುವ ಅಪ್ಪ ಅಮ್ಮಂದಿರಿಗಿಂತ ಮನೆಯ ಪುಟ್ಟ ತಮ್ಮನ ಜೊತೆ, ಅಕ್ಕನ ಮಗಳ ಜೊತೆ, ಪಕ್ಕದ ಮನೆಯ ಕೂಸಿನ ಜೊತೆ ಹೆಚ್ಚು ಹೊತ್ತು ಇರುವವರೂ ನೀವೇ.

ಮೊದಲಿಗೆ ಒಬ್ಬ ತಂದೆಯ ವಿಷಯ ಹೇಳುತ್ತೇನೆ. ಹೆಸರು ಜಿಮ್ ಟ್ರೆಲೀಸ್. 1941ರಲ್ಲಿ ಹುಟ್ಟಿದ ಈತ ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ದಿನಪತ್ರಿಕೆಯಲ್ಲಿ ಚಿತ್ರಕಾರ ಮತ್ತು ಬರಹಗಾರ. ಶಿಕ್ಷಣತಜ್ಞನಲ್ಲ, ಮನೋವಿಜ್ಞಾನಿಯೂ ಅಲ್ಲ. ಎರಡು ಮಕ್ಕಳ ತಂದೆ, ಅಷ್ಟೇ. ಚಿಕ್ಕಂದಿನಲ್ಲಿ ತನ್ನ ತಂದೆ ತನಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು ಎಂಬ ಒಂದೇ ಕಾರಣಕ್ಕೆ ಈತನೂ ರಾತ್ರಿ ಮಕ್ಕಳಿಗೆ ಪುಸ್ತಕ ಓದಿ ಹೇಳುತ್ತಿದ್ದ.

ಆತ ಬಿಡುವಿದ್ದಾಗ ಶಾಲೆಗಳಿಗೆ ಹೋಗಿ ತನ್ನ ವೃತ್ತಿಯ ಬಗ್ಗೆ ಮಾತನಾಡುತ್ತಿದ್ದ. ಮಾತು ಮುಗಿದ ಮೇಲೆ 'ಈಚೆಗೆ ಏನು ಓದಿದಿರಿ?' ಎಂದು ಮಕ್ಕಳನ್ನು ಕೇಳುವುದು ರೂಢಿ. ಹೆಚ್ಚಿನ ತರಗತಿಗಳಲ್ಲಿ ಮೌನವೇ ಉತ್ತರ. ಕೆಲವೇ ಕೆಲವು ತರಗತಿಗಳಲ್ಲಿ ಮಾತ್ರ ಮಕ್ಕಳು ನಾ ಮುಂದೆ ತಾ ಮುಂದೆ ಎಂದು ಪುಸ್ತಕಗಳ ಹೆಸರು ಹೇಳುತ್ತಿದ್ದರು. ಆ ತರಗತಿಗಳಿಗೂ ಉಳಿದವಕ್ಕೂ ಇದ್ದ ವ್ಯತ್ಯಾಸವೇನು? ಅಲ್ಲಿನ ಶಿಕ್ಷಕರು ಮಕ್ಕಳಿಗೆ ದಿನವೂ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಟ್ರೆಲೀಸ್ ಕುತೂಹಲದಿಂದ ಗ್ರಂಥಾಲಯಕ್ಕೆ ಹೋಗಿ ಹುಡುಕಿದಾಗ ತಾನು ಕಂಡದ್ದಕ್ಕೆ ಸಂಶೋಧನೆಗಳ ಬೆಂಬಲವೂ ಇತ್ತು. ಆದರೆ ಅವೆಲ್ಲ ವಿದ್ವತ್ ಪತ್ರಿಕೆಗಳ ಭಾಷೆಯಲ್ಲಿದ್ದವು, ಸಾಮಾನ್ಯ ತಂದೆತಾಯಿಗಳಿಗೆ ನಿಲುಕುವಂತಿರಲಿಲ್ಲ. ಆಗ ಆತ ತಾನೇ ಒಂದು ಪುಟ್ಟ ಕೈಪಿಡಿ ಬರೆದು 1979ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. 1982ರಲ್ಲಿ ಪೆಂಗ್ವಿನ್ ಪ್ರಕಾಶನ ಅದನ್ನು ವಿಸ್ತರಿಸಿ 'ದಿ ರೀಡ್ ಅಲೌಡ್ ಹ್ಯಾಂಡ್‌ಬುಕ್' ಎಂದು ಹೊರತಂದಿತು. ಅದು ಲಕ್ಷಾಂತರ ಮನೆಗಳನ್ನು ತಲುಪಿತು. ಅದರ ಎಂಟನೆಯ ಪರಿಷ್ಕೃತ ಆವೃತ್ತಿ ಬಂದದ್ದು 2019ರಲ್ಲಿ. ಟ್ರೆಲೀಸ್ 2022ರಲ್ಲಿ ತೀರಿಕೊಂಡರು.

ಮೊದಲ ಪೆಂಗ್ವಿನ್ ಆವೃತ್ತಿ ಬಂದ ಮೂರು ವರ್ಷಕ್ಕೆ, 1985ರಲ್ಲಿ, ಅಮೆರಿಕದ ಓದು ಆಯೋಗ ತನ್ನ ವರದಿ ಕೊಟ್ಟಿತು. ಮುಂದೆ ಓದಿನಲ್ಲಿ ಯಶಸ್ಸು ಪಡೆಯಲು ಬೇಕಾದ ತಿಳಿವಳಿಕೆಯನ್ನು ಕಟ್ಟುವ ಅತಿ ಮುಖ್ಯ ಚಟುವಟಿಕೆ ಎಂದರೆ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವುದು ಎಂದು ತಜ್ಞರೂ ಹೇಳಿದರು. 2001ರಲ್ಲಿ ಪೋಲೆಂಡ್ ದೇಶದಲ್ಲಿ ಮಕ್ಕಳಿಗೆ ದಿನಕ್ಕೆ 20 ನಿಮಿಷ ಓದಿ ಹೇಳಿ ಎಂಬ ರಾಷ್ಟ್ರವ್ಯಾಪಿ ಆಂದೋಲನವೇ ನಡೆಯಿತು.

ಓದಿ ಹೇಳುವುದರಿಂದ ಆಗುವುದಾದರೂ ಏನು? ಟ್ರೆಲೀಸ್ ಅವರ ವಿವರಣೆಯನ್ನು ನಮ್ಮ ಕಡೆಯ ಮಾತಿನಲ್ಲಿ ಹೀಗೆ ಹೇಳಬಹುದು. ಮಗುವಿನ ಕಿವಿ ಒಂದು ಕೆರೆ. ಕೇಳಿದ ಮಾತುಗಳೆಲ್ಲ ಹಳ್ಳದ ನೀರಿನಂತೆ ಹರಿದು ಬಂದು ಅಲ್ಲಿ ಸೇರುತ್ತವೆ. ಕೆರೆ ತುಂಬಿದಾಗ ಕೋಡಿ ಬೀಳುತ್ತದೆ. ಆ ಕೋಡಿಯ ನೀರೇ ಮೊದಲು ಮಾತಾಗಿ, ಆಮೇಲೆ ಓದಾಗಿ, ಕೊನೆಗೆ ಬರಹವಾಗಿ ಹೊಲಗಳಿಗೆ ಹರಿಯುತ್ತದೆ. ಕೆರೆಯೇ ಬರಿದಾಗಿದ್ದರೆ ತೂಬು ಎಷ್ಟು ತೆರೆದರೇನು? 'ಗುಡಾಣ' ಎಂಬ ಮಾತನ್ನು ಎಂದೂ ಕೇಳದ ಮಗು ಗು, ಡಾ, ಣ ಎಂದು ಮೂರು ಅಕ್ಷರಗಳನ್ನು ಬಿಡಿಸಿ ಹೇಳಬಹುದು. ಆದರೆ ಅದರ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. ಅಜ್ಜಿಯ ಬಾಯಲ್ಲಿ ಆ ಮಾತನ್ನು ಕೇಳಿರುವ ಮಗುವಿಗೆ ಎರಡನೆಯ ಅಕ್ಷರಕ್ಕೆ ಬರುವಷ್ಟರಲ್ಲೇ ಪದ ಹೊಳೆದಿರುತ್ತದೆ.

ಇಲ್ಲಿ ನಾನು ನನ್ನ ವೃತ್ತಿಗೆ ವಿರುದ್ಧವೆನಿಸುವ ಒಂದು ಮಾತು ಹೇಳಬೇಕು. ಮಾತುಗಳು ಕಿವಿಗೆ ಬಿದ್ದರೆ ಸಾಕು ಎನ್ನುವುದಾದರೆ ಟೆಲಿವಿಷನ್ ಮುಂದೆ ಮಗುವನ್ನು ಕೂರಿಸಿದರಾಯಿತಲ್ಲ? ಆಗುವುದಿಲ್ಲ. 2003ರಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ 12 ಸಲ ಚೀನೀ ಭಾಷೆಯನ್ನು ಕೇಳಿಸಲಾಯಿತು. ಒಂದು ಗುಂಪಿಗೆ ಚೀನೀ ಮಾತನಾಡುವವರೇ ಎದುರು ಕುಳಿತು ಪುಸ್ತಕ ಓದಿ, ಆಟಿಕೆ ತೋರಿಸಿ ಮಾತನಾಡಿಸಿದರು. ಇನ್ನೊಂದು ಗುಂಪಿಗೆ ಅದೇ ಜನರ ಅದೇ ಮಾತನ್ನು ಟೆಲಿವಿಷನ್ ಪರದೆಯ ಮೇಲೆ ತೋರಿಸಲಾಯಿತು. ಮೊದಲ ಗುಂಪಿನ ಕೂಸುಗಳು ಚೀನೀ ಭಾಷೆಯ ವಿಶಿಷ್ಟ ಧ್ವನಿಗಳನ್ನು ಗುರುತಿಸಲು ಕಲಿತವು. ಪರದೆ ನೋಡಿದ ಗುಂಪು ಏನೂ ಕಲಿಯಲಿಲ್ಲ. ಪರದೆ ಮಗುವಿನ ಕಣ್ಣನ್ನು ನೋಡಿ ನಿಲ್ಲುವುದಿಲ್ಲ, ಮಗು ಬೆರಳು ತೋರಿಸಿದ ಕಡೆ ತಿರುಗುವುದಿಲ್ಲ, 'ಅದೇನು?' ಎಂದರೆ ಉತ್ತರ ಕೊಡುವುದಿಲ್ಲ. ಇಂದು ಕೈಯಲ್ಲಿರುವ ಮೊಬೈಲ್ ಪರದೆಯಲ್ಲಿ ತನ್ನಷ್ಟಕ್ಕೆ ಓಡುವ ವಿಡಿಯೋಗೂ ಈ ಮಾತು ಅನ್ವಯಿಸುತ್ತದೆ. ದೊಡ್ಡವರಿಗೆ, ನಿಮ್ಮಂಥವರಿಗೆ, ನಮ್ಮ ವಾಹಿನಿ ಎಷ್ಟೋ ವಿಷಯ ತಲುಪಿಸಬಲ್ಲದು. ಆದರೆ ಒಂದು ವರ್ಷದ ಕೂಸಿಗೆ ನಿಮ್ಮ ಬದಲಿಯಾಗಿ ಅದು ನಿಲ್ಲಲಾರದು.

ಇನ್ನು ಅಕ್ಷರದ ವಿಷಯಕ್ಕೆ ಬರೋಣ. ಭಾಷೆ ಮನುಷ್ಯನಿಗೆ ಸಹಜವಾಗಿ ಬರುತ್ತದೆ, ಆದರೆ ಓದು ಹಾಗಲ್ಲ. ಬರವಣಿಗೆ ಹುಟ್ಟಿ ಸುಮಾರು 5,000 ವರ್ಷಗಳಾಗಿವೆ. ಜೀವವಿಕಾಸದ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸುವಷ್ಟು ಕಾಲ. ಓದುವುದಕ್ಕೆಂದೇ ಮಿದುಳಿನಲ್ಲಿ ಹುಟ್ಟಿನಿಂದ ಒಂದು ಭಾಗ ಸಿದ್ಧವಾಗಿರಲು ಸಾಧ್ಯವಿಲ್ಲ. ಫ್ರಾನ್ಸಿನ ವಿಜ್ಞಾನಿ ಸ್ಟಾನಿಸ್ಲಾಸ್ ದೆಹೇನ್ ಹೇಳುವಂತೆ, ಮುಖ ಮತ್ತು ವಸ್ತುಗಳನ್ನು ಗುರುತಿಸಲು ಇದ್ದ ಮಿದುಳಿನ ಎಡಭಾಗದ ಒಂದು ಜಾಗವನ್ನೇ ನಾವು ಅಕ್ಷರಗಳಿಗೆ ಒಗ್ಗಿಸಿಕೊಳ್ಳುತ್ತೇವೆ. ಅವರ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೊಡ್ಡವರಾದ ಮೇಲೆ ಓದು ಕಲಿತವರ ಮಿದುಳಿನಲ್ಲೂ ಈ ಬದಲಾವಣೆ ಕಂಡುಬರುತ್ತದೆ. ಆದ್ದರಿಂದ ತಡವಾಯಿತೆಂದು ಯಾರ ಪಾಲಿಗೂ ಬಾಗಿಲು ಮುಚ್ಚುವುದಿಲ್ಲ. ಆದರೆ ಇದು ಪರಿಶ್ರಮದ ಕೆಲಸ ಎಂಬುದನ್ನು ಮರೆಯಬಾರದು.

ಕನ್ನಡದ ಮಗುವಿನ ಪರಿಶ್ರಮ ಎಷ್ಟೆಂದು ನೀವೇ ಲೆಕ್ಕ ಹಾಕಿ. ಸ್ವರಗಳು 13, ಯೋಗವಾಹಗಳು 2, ವ್ಯಂಜನಗಳು 34, ಒಟ್ಟು 49. ಇಷ್ಟೇ ಎಂದುಕೊಳ್ಳಬೇಡಿ. ಒಂದೊಂದು ವ್ಯಂಜನಕ್ಕೂ ಕ, ಕಾ, ಕಿ, ಕೀ ಎಂದು ಕಂ, ಕಃ ವರೆಗೆ 15 ರೂಪಗಳು. 34ನ್ನು 15ರಿಂದ ಗುಣಿಸಿದರೆ 510. ಇದರ ಮೇಲೆ ಒತ್ತಕ್ಷರಗಳು. ಕ, ಗ, ಪ ಇವುಗಳ ಒತ್ತು ತಲೆಕಟ್ಟಿಲ್ಲದ ಮೂಲಾಕ್ಷರದಂತೆಯೇ ಕಾಣುತ್ತದೆ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲಾಕ್ಷರಕ್ಕೂ ಹೋಲಿಕೆಯೇ ಕಡಿಮೆ. ಈಗ ಯೋಚಿಸಿ: ಮಗುವಿಗೆ ಅತಿ ಹತ್ತಿರದ ಪದಗಳು ಯಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ. ಎಲ್ಲದರಲ್ಲೂ ಒತ್ತಕ್ಷರ! ಕಿವಿಗೆ ಮೊದಲು ಬಂದ ಪದಗಳೇ ಕಣ್ಣಿಗೆ ಕೊನೆಗೆ ಬರುತ್ತವೆ. 'ಸೂರ್ಯ' ಎನ್ನುವಾಗ ನಾಲಗೆಗೆ ಮೊದಲು ಬರುವುದು ರಕಾರ, ಆಮೇಲೆ ಯಕಾರ. ಬರೆಯುವಾಗ ಯ ಮೊದಲು, ಅರ್ಕಾವೊತ್ತು ಆಮೇಲೆ. ದ ಮತ್ತು ಧ ಬೇರೆಯಾಗುವುದು ಒಂದು ಸಣ್ಣ ಗೀರಿನಿಂದ. ಪ, ಫ, ಷ ಇವುಗಳನ್ನು ಬೇರ್ಪಡಿಸುವುದೂ ಅಷ್ಟೇ ಸೂಕ್ಷ್ಮ. ನಿಮ್ಮ ತಂಗಿ ಇವುಗಳಲ್ಲಿ ತಪ್ಪಿದರೆ ಅವಳು ದಡ್ಡಿ ಎಂದಲ್ಲ, ಅವಳ ಕಣ್ಣು ಇನ್ನೂ ಹದಗೊಳ್ಳುತ್ತಿದೆ ಎಂದರ್ಥ.

ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಕನ್ನಡ ಕಲಿಯುವ ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಅಂಶ ಕಾಣುತ್ತದೆ. ಇಂಗ್ಲಿಷ್ ಮಗುವಿಗೆ 26 ಅಕ್ಷರಗಳ ಪರಿಚಯ ಬೇಗ ಮುಗಿಯುತ್ತದೆ. ಕನ್ನಡ ಮಗುವಿನ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಹೋಗುತ್ತದೆ. ಹಾಗಾದರೆ ಇಷ್ಟು ದೀರ್ಘ ದಾರಿಯಲ್ಲಿ ಮಗುವನ್ನು ಮುಂದಕ್ಕೆ ನಡೆಸುವ ಬಲ ಯಾವುದು? ಏಟಲ್ಲ, ಬೈಗುಳವಲ್ಲ. ಈ ದಾರಿಯ ಕೊನೆಗೆ ಒಂದು ಸೊಗಸಾದ ಕಥೆ ಇದೆ ಎಂಬ ನಂಬಿಕೆ. ಆ ನಂಬಿಕೆಯನ್ನು ಹುಟ್ಟಿಸಬೇಕಾದದ್ದು ನಾವು, ಅದೂ ಮಗು ಶಾಲೆಗೆ ಹೋಗುವ ಮೊದಲು.

ಹಾಗೆ ಮಾಡದಿದ್ದರೆ ಏನಾಗುತ್ತದೆ? ಮಕ್ಕಳ ಕಾರ್ಯಕ್ರಮವೊಂದರ ಧ್ವನಿಮುದ್ರಣಕ್ಕೆ ಬಂದ ಒಬ್ಬ ಹುಡುಗ ಪಠ್ಯಪುಸ್ತಕದ ಪಾಠವೊಂದನ್ನು ಬೆರಳಿಟ್ಟುಕೊಂಡು ಅಚ್ಚುಕಟ್ಟಾಗಿ ಓದಿದ. ನಮ್ಮ ಕ್ಯಾಮೆರಾದವರು ಬೆರಳು ಸರಿಯಾಗಿ ಕಾಣಲೆಂದು ಪುಟದ ನಡುವಿನ ಒಂದು ಸಾಲಿನಿಂದ ಓದಲು ಹೇಳಿದರು. ಹುಡುಗ ಸುಮ್ಮನಾದ. ಪುಟದ ಮೊದಲಿನಿಂದ ಶುರುಮಾಡಿದರೆ ಮಾತ್ರ ಅವನಿಗೆ ಬರುತ್ತಿತ್ತು. ಅವನು ಓದುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದ. ಅಷ್ಟು ಉದ್ದದ ಪಾಠವನ್ನು ಕಂಠಸ್ಥ ಮಾಡಿಕೊಂಡವನ ಬುದ್ಧಿಗೆ ಏನು ಕೊರತೆ? ಆ ಬುದ್ಧಿ ಅಕ್ಷರದ ಜೊತೆ ಬೆಸೆದುಕೊಂಡಿರಲಿಲ್ಲ, ಅಷ್ಟೇ.

ಇಂಥ ಮಕ್ಕಳು ಒಬ್ಬಿಬ್ಬರಲ್ಲ. ಗ್ರಾಮೀಣ ಭಾರತದಲ್ಲಿ ನಡೆದ 2018ರ 'ಅಸರ್' ಸಮೀಕ್ಷೆಯಲ್ಲಿ, ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠ ಓದಬಲ್ಲವರು ಅರ್ಧದಷ್ಟು ಮಾತ್ರ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ ನಂತರ, 2022ರ ಸಮೀಕ್ಷೆಯಲ್ಲಿ, ಆ ಸಂಖ್ಯೆ ನೂರಕ್ಕೆ ಸುಮಾರು 43ಕ್ಕೆ ಇಳಿದಿತ್ತು. ಓದಲು ಬಾರದ ಮಗುವಿಗೆ ನಾಲ್ಕನೆಯ ತರಗತಿಯಿಂದ ಮುಂದೆ ವಿಜ್ಞಾನವೂ ಇಲ್ಲ, ಸಮಾಜವೂ ಇಲ್ಲ, ಗಣಿತದ ಲೆಕ್ಕದ ವಾಕ್ಯವೂ ಇಲ್ಲ. ಅದು ತರಗತಿಯಲ್ಲಿ ಕುಳಿತಿರುತ್ತದೆ, ಆದರೆ ತರಗತಿ ಅದನ್ನು ಬಿಟ್ಟು ಮುಂದೆ ಹೋಗಿರುತ್ತದೆ. ಸರಕಾರದ ಪ್ರಯತ್ನಗಳೂ ಇವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ ಕಲಿ, 2021ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ನಿಪುಣ ಭಾರತ್ ನಿಮಗೆ ಗೊತ್ತಿರಬಹುದು. ಆದರೆ ಶಾಲೆಯ ಕೈಗೆ ಬರುವ ಹೊತ್ತಿಗೆ ಮಗುವಿನ ಮೊದಲ ಐದಾರು ವರ್ಷ ಕಳೆದಿರುತ್ತದೆ. ಆ ವರ್ಷಗಳಲ್ಲಿ ಬಹುಪಾಲು ಮನೆಯವು.

ಮನೆಯಲ್ಲಿ ಮಾಡಬಹುದಾದದ್ದನ್ನು ಈಗ ಒಂದೊಂದಾಗಿ ನೋಡೋಣ.

ಮೊದಲನೆಯದು, ಕಿವಿಯ ಆಟ. ಪದವನ್ನು ಚಪ್ಪಾಳೆ ತಟ್ಟಿ ಬಿಡಿಸಿ: ಬಾ-ಳೆ ಎಂದರೆ ಎರಡು ಚಪ್ಪಾಳೆ, ಬೆಂ-ಗ-ಳೂ-ರು ಎಂದರೆ ನಾಲ್ಕು. 'ಮ'ಕಾರದಿಂದ ಶುರುವಾಗುವ ಸಾಮಾನು ಅಡುಗೆಮನೆಯಲ್ಲಿ ಏನೇನಿದೆ? ಮಜ್ಜಿಗೆ, ಮೆಣಸು, ಮೊರ. 'ಕಾಗೆ'ಗೆ ಪ್ರಾಸ ಯಾವುದು? ಗೂಗೆ, ಹಾಗೆ, ಹೋಗೆ, ಅರ್ಥವಿಲ್ಲದ ಪದ ಬಂದರೂ ನಗಿರಿ. ಇದಕ್ಕೆ ಕಾಗದ ಬೇಡ, ಕಾಸು ಬೇಡ. ಬಸ್ಸಿನಲ್ಲಿ ಕೂತಾಗಲೂ ಆಗುತ್ತದೆ.

ಎರಡನೆಯದು, ಪುಸ್ತಕದ ಪರಿಚಯ. ಪುಸ್ತಕಕ್ಕೆ ಹಿಂದು ಮುಂದು ಇದೆ, ಓದು ಎಡದಿಂದ ಬಲಕ್ಕೆ ಹೋಗುತ್ತದೆ, ನಾವು ಓದುವುದು ಚಿತ್ರವನ್ನಲ್ಲ, ಕಪ್ಪು ಗುರುತುಗಳನ್ನು. ನಮಗೆ ಇದು ಹೇಳಬೇಕಾದ ವಿಷಯವೇ ಅಲ್ಲ ಎನಿಸುತ್ತದೆ, ಆದರೆ ಮಗುವಿಗೆ ಇದೆಲ್ಲ ಹೊಸ ಶೋಧ. ನ್ಯೂಜಿಲೆಂಡಿನ ಮೇರಿ ಕ್ಲೇ ಅವರು 1960ರ ದಶಕದಲ್ಲಿ ಮಕ್ಕಳನ್ನು ವಾರ ವಾರ ಗಮನಿಸಿ ಕಂಡುಕೊಂಡ ಸಂಗತಿ ಇದು. ನೀವೂ ಪರೀಕ್ಷಿಸಿ. ಪುಸ್ತಕವನ್ನು ತಲೆಕೆಳಗಾಗಿ ಕೊಡಿ, ಮಗು ಏನು ಮಾಡುತ್ತದೆ ನೋಡಿ. ಓದುವಾಗ ಸಾಲಿನ ಕೆಳಗೆ ಬೆರಳು ಸರಿಸುತ್ತಾ ಹೋಗಿ.

ಮೂರನೆಯದು, ಓದು ಭಾಷಣವಾಗದೆ ಮಾತುಕತೆಯಾಗಲಿ. ನಡುವೆ ನಿಲ್ಲಿಸಿ 'ಈಗ ನರಿ ಏನು ಮಾಡುತ್ತೆ ಹೇಳು?' ಎಂದು ಕೇಳಿ. ಹೌದು, ಇಲ್ಲ ಎಂದು ಮುಗಿಯದ ಪ್ರಶ್ನೆಗಳನ್ನು ಕೇಳಿ. ಅಮೆರಿಕದಲ್ಲಿ ವೈಟ್‌ಹರ್ಸ್ಟ್ ಎಂಬವರ ತಂಡ 1988ರಲ್ಲಿ ಎರಡು ಎರಡೂವರೆ ವರ್ಷದ ಮಕ್ಕಳ ತಂದೆತಾಯಿಗಳಿಗೆ ಹೀಗೆ ಓದಲು ಹೇಳಿಕೊಟ್ಟಿತು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು, ಎಂದಿನಂತೆ ಓದಿಸಿಕೊಂಡ ಮಕ್ಕಳ ಮಾತಿಗಿಂತ ಮುಂದೆ ಹೋಗಿತ್ತು.

ನಾಲ್ಕನೆಯದು, ಬೇಸರಿಸಬೇಡಿ. 'ಅಕ್ಕಾ, ಇನ್ನೊಂದು ಸಲ ಓದೇ' ಎಂದು ಅದೇ ಪುಸ್ತಕವನ್ನು ಹತ್ತನೆಯ ಬಾರಿ ತಂದರೆ ಹತ್ತನೆಯ ಬಾರಿಯೂ ಓದಿ. ಹೊಸ ಪದ ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಮುಂದೇನಾಗುತ್ತದೆಂದು ಗೊತ್ತಿರುವುದೇ ಮಗುವಿಗೆ ಸಂತೋಷ. ಗೋಡೆಯ ಮೇಲೆ ಗೀಚಿದರೆ ಹಳೆಯ ಕ್ಯಾಲೆಂಡರಿನ ಹಿಂಬದಿ ಕೊಡಿ. ಅದರ ಗೀಚು 'ಇದು ನನ್ನ ಹೆಸರು' ಎಂದರೆ ಒಪ್ಪಿಕೊಳ್ಳಿ, ಪಕ್ಕದಲ್ಲಿ ನೀವು ಸರಿಯಾಗಿ ಬರೆದು ತೋರಿಸಿ.

ಐದನೆಯದು, ಮನೆಮಾತನ್ನು ಬಿಡಬೇಡಿ. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ತೆಲುಗು ಅಥವಾ ಲಂಬಾಣಿ ಇರಬಹುದು. ಪುಸ್ತಕ ಕನ್ನಡದ್ದಾದರೂ ಚಿತ್ರ ತೋರಿಸಿ ಕಥೆಯನ್ನು ಮನೆಮಾತಿನಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಓದಿ. ಅಕ್ಷರ ಬಾರದ ಅಜ್ಜಿ ತಾತಂದಿರನ್ನು ಹೊರಗಿಡಬೇಡಿ. ಪುಟ ತಿರುಗಿಸುವುದು ಮೊಮ್ಮಗ, ಚಿತ್ರ ನೋಡಿ ಕಥೆ ಕಟ್ಟುವುದು ಅಜ್ಜಿ. ಕೆರೆ ತುಂಬಿಸುವುದರಲ್ಲಿ ಅವರಿಗಿಂತ ಗಟ್ಟಿಗರಿಲ್ಲ.

ಪುಸ್ತಕ ಎಲ್ಲಿ ಎಂದಿರಾ? ಮಕ್ಕಳಿಗಾಗಿ ಬರೆಯುವುದು ಕನ್ನಡಕ್ಕೆ ಹೊಸದಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರಂಥ ಹಿರಿಯರು ಅದಕ್ಕೆಂದೇ ಲೇಖನಿ ಹಿಡಿದವರು. ಶಿವರಾಮ ಕಾರಂತರು 1936ರಲ್ಲೇ 'ಬಾಲ ಪ್ರಪಂಚ'ದ ಸಂಪುಟಗಳನ್ನು ಕೊಟ್ಟರು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲು 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು. ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ ವಿಚಾರಿಸಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಅಲ್ಲಿಂದ ಓದುವುದಾದರೆ ಮೊಬೈಲ್ ನಿಮ್ಮ ಕೈಯಲ್ಲಿರಲಿ, ದನಿ ನಿಮ್ಮದಾಗಿರಲಿ. ಏನೂ ಇಲ್ಲದಿದ್ದರೆ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಬಿಸ್ಕತ್ತಿನ ಪೊಟ್ಟಣ, ಇವೂ ಓದುವ ವಸ್ತುಗಳೇ.

ಕೊನೆಯದಾಗಿ, ನಿಮಗೆ ಒಂದು ಕೆಲಸ. ಟ್ರೆಲೀಸ್ ಬರೆದಂತೆ ನೀವೂ ಒಂದು ಕೈಪಿಡಿ ಬರೆಯಿರಿ. ಪುಸ್ತಕವಾಗಬೇಕಿಲ್ಲ, ನೋಟ್‌ಬುಕ್ಕಿನ ನಾಲ್ಕು ಹಾಳೆ ಸಾಕು. ಮನೆಯ ಅಥವಾ ನೆರೆಯ ಒಂದು ಮಗುವಿಗೆ ದಿನಕ್ಕೆ 15 ನಿಮಿಷ ಓದಿ ಹೇಳಿ. ಯಾವ ಕಥೆಯನ್ನು ಮತ್ತೆ ಕೇಳಿತು, ಎಲ್ಲಿ ಎದ್ದು ಓಡಿತು, ಯಾವ ಪದವನ್ನು ಹಿಡಿದುಕೊಂಡು ದಿನವಿಡೀ ಆಡಿತು, ಯಾವ ಅಕ್ಷರವನ್ನು ಅಂಗಡಿ ಬೋರ್ಡಿನಲ್ಲಿ ತಾನೇ ಗುರುತಿಸಿತು, ಇವನ್ನೆಲ್ಲ ದಿನಾಂಕ ಹಾಕಿ ಬರೆದಿಡಿ. ವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಿಲ್ಲ, ಇದು ವೀಕ್ಷಣಾ ಪುಸ್ತಕವೇ. ಮೂರು ತಿಂಗಳಾದ ಮೇಲೆ ಆ ಟಿಪ್ಪಣಿಯಿಂದ ನಿಮ್ಮ ಬೀದಿಯ ಇನ್ನೊಂದು ಮನೆಗೆ ಉಪಯೋಗವಾಗುವ ಹತ್ತು ಮಾತುಗಳನ್ನು ಆರಿಸಿ, ಅವರ ಮನೆಮಾತಿನಲ್ಲಿ ಹೇಳಿ. ಪರದೇಶದ ಗ್ರಂಥಕ್ಕೆ ಗೊತ್ತಿಲ್ಲದ ಸಂಗತಿ ನಿಮಗೆ ಗೊತ್ತಿರುತ್ತದೆ: ನಿಮ್ಮ ಊರಿನ ಮಗು ಯಾವುದಕ್ಕೆ ನಗುತ್ತದೆ, ಯಾವ ಹೊತ್ತಿನಲ್ಲಿ ನಿದ್ದೆ ಹೋಗುತ್ತದೆ, ಯಾವ ಹಕ್ಕಿಯ ಹೆಸರು ಬಲ್ಲದು ಎಂಬುದು.

ಪರೀಕ್ಷೆಯ ಓದಿನ ನಡುವೆ ದಿನಕ್ಕೆ 15 ನಿಮಿಷ ಎಲ್ಲಿಂದ ಎನ್ನಬೇಡಿ. ಒಂದು ವರ್ಷ ಮಾಡಿದರೆ ಅದು 90 ಗಂಟೆಗಿಂತ ಹೆಚ್ಚಾಗುತ್ತದೆ. ಆ ಗಂಟೆಗಳ ಫಲ ನಿಮ್ಮ ಅಂಕಪಟ್ಟಿಯಲ್ಲಿ ಕಾಣದು. ಇನ್ನು ನಾಲ್ಕೈದು ವರ್ಷಕ್ಕೆ ಯಾವುದೋ ತರಗತಿಯಲ್ಲಿ ಮೇಷ್ಟ್ರು ಪುಟದ ನಡುವಿನ ಸಾಲಿನಿಂದ ಓದು ಎಂದಾಗ, ಒಂದು ಮಗು ತಡವರಿಸದೆ ಓದುತ್ತದೆ. ಇಂದು ರಾತ್ರಿಯಿಂದಲೇ ಶುರುಮಾಡಿ.